ಲ್ಯಾನ್ ವೈರ್ ಹಾಕಿದರೂ ಲ್ಯಾಪ್‌ಟಾಪ್‌ಗೆ ಐಪಿ ಬರುತ್ತಿಲ್ಲ, 169.254 ಅಂತ ತೋರಿಸುತ್ತಿದೆ

ನಾಪೋಕ್ಲು ತೋಟದಮನೆ
ಜುಲೈ 22, ಬೆಳಿಗ್ಗೆ 9.40

ಎಲ್ಲರಿಗೂ ನಮಸ್ಕಾರ. ನಾಲ್ಕು ದಿನದಿಂದ ಇದೇ ತಲೆನೋವು, ಯಾರಾದರೂ ದಾರಿ ತೋರಿಸಿ.

ನಾನು ಬೆಂಗಳೂರಿನ ಒಂದು ಆಫೀಸಿನ ಲೆಕ್ಕಪತ್ರದ ಕೆಲಸವನ್ನು ಮನೆಯಿಂದಲೇ ಮಾಡುತ್ತೇನೆ. ನಮ್ಮದು ಹಳೇ ತೋಟದ ಮನೆ, ಮಣ್ಣಿನ ಗೋಡೆ, ಒಂದೂವರೆ ಅಡಿ ದಪ್ಪ. ವೈಫೈ ಜಗಲಿ ದಾಟಿ ಈಚೆ ಬರುವುದಿಲ್ಲ. ಅದಕ್ಕೇ ಎರಡು ವರ್ಷದ ಹಿಂದೆ ಮುಂದಿನ ಕೋಣೆಯ ರೂಟರ್‌ನಿಂದ ಕಣದ ಆಚೆ ಇರುವ ನನ್ನ ಕೆಲಸದ ಕೋಣೆಗೆ ಲ್ಯಾನ್ ವೈರ್ ಎಳೆಸಿದ್ದೆವು. ಇಷ್ಟು ದಿನ ಏನೂ ತೊಂದರೆ ಇರಲಿಲ್ಲ.

ಈಗ ವೈರ್ ಚುಚ್ಚಿದರೆ ಪೋರ್ಟಿನ ಹಸಿರು ಲೈಟ್ ಬರುತ್ತದೆ, ಮಿನುಗುತ್ತದೆ. ಆದರೆ ಲ್ಯಾಪ್‌ಟಾಪ್ 'ಅನ್‌ಐಡೆಂಟಿಫೈಡ್ ನೆಟ್‌ವರ್ಕ್, ನೋ ಇಂಟರ್ನೆಟ್' ಎನ್ನುತ್ತದೆ. ಐಪಿ, ಅಂದರೆ ನೆಟ್‌ವರ್ಕ್‌ನಲ್ಲಿ ಲ್ಯಾಪ್‌ಟಾಪ್‌ನ ವಿಳಾಸ, ನೋಡಿದರೆ 169.254 ಅಂತ ಶುರುವಾಗುವ ಏನೋ ನಂಬರು. ಗೇಟ್‌ವೇ (ಇಂಟರ್ನೆಟ್‌ಗೆ ದಾರಿ ಕೊಡುವ ರೂಟರ್‌ನ ವಿಳಾಸ) ಜಾಗ ಖಾಲಿ. ವಿಂಡೋಸ್ 11 ಇದೆ. ರೂಟರ್ ಆರಿಸಿ ಹಾಕಿದೆ, ಲ್ಯಾಪ್‌ಟಾಪ್ ಹತ್ತು ಸಲ ರೀಸ್ಟಾರ್ಟ್ ಮಾಡಿದೆ. ಮೊನ್ನೆ ಮಧ್ಯಾಹ್ನ ಅರ್ಧ ಗಂಟೆ ತಾನಾಗಿಯೇ ಸರಿ ಹೋಗಿತ್ತು, ಮತ್ತೆ ಹೋಯಿತು.

ಪೇಟೆಯ ಒಂದು ಅಂಗಡಿಗೆ ತೆಗೆದುಕೊಂಡು ಹೋದೆ. ನೋಡಿದವರು "ಲ್ಯಾನ್ ಪೋರ್ಟ್ ಹೋಗಿದೆ, ಮದರ್‌ಬೋರ್ಡ್ ಕೆಲಸ, ಎಂಟು ಸಾವಿರ ಆಗುತ್ತೆ" ಎಂದರು. ಅಷ್ಟು ದುಡ್ಡು ಹಾಕುವ ಮೊದಲು ಇಲ್ಲಿ ಕೇಳೋಣ ಅನ್ನಿಸಿತು. ತಿಂಗಳ ಕೊನೆಯ ಲೆಕ್ಕ ಮುಗಿಸಬೇಕು, ಜಗಲಿಯಲ್ಲಿ ಕೂತು ಮಾಡಿದರೆ ಗಾಳಿಗೆ ಮಳೆ ಎರಚಲು ಕೀಬೋರ್ಡ್ ಮೇಲೇ ಬೀಳುತ್ತದೆ.

ಪೊನ್ನಂಪೇಟೆ ಮೇಷ್ಟ್ರು
ಜುಲೈ 22, ಬೆಳಿಗ್ಗೆ 10.25

ನೋಡಮ್ಮ, ಎಂಟು ಸಾವಿರ ಈಗಲೇ ಕೊಡಬೇಡ. ಲೈಟ್ ಬರುತ್ತಿದೆ, ಮಧ್ಯೆ ಅರ್ಧ ಗಂಟೆ ಕೆಲಸವೂ ಮಾಡಿದೆ ಎಂದರೆ ಪೋರ್ಟ್ ಸತ್ತಿಲ್ಲ ಎಂದೇ ನನಗೆ ಅನ್ನಿಸುವುದು.

ಮೊದಲು ಆ 169.254 ಏನು ಎಂದು ತಿಳಿದುಕೊಳ್ಳೋಣ. ಅದು ರೋಗ ಅಲ್ಲ. ಲ್ಯಾಪ್‌ಟಾಪ್ ನಮಗೆ ಹೇಳುತ್ತಿರುವ ಮಾತು ಅದು.

ವೈರ್ ಚುಚ್ಚಿದ ಕೂಡಲೇ ಲ್ಯಾಪ್‌ಟಾಪ್‌ಗೆ ತನ್ನ ವಿಳಾಸ ಗೊತ್ತಿರುವುದಿಲ್ಲ. ರೂಟರ್ ಎಲ್ಲಿದೆ ಎಂದೂ ಗೊತ್ತಿರುವುದಿಲ್ಲ. ಕತ್ತಲಲ್ಲಿ ಗೇಟಿನ ಹತ್ತಿರ ನಿಂತ ನೆಂಟ "ಮನೇಲಿ ಯಾರಿದ್ದೀರಿ?" ಎಂದು ಕೂಗುತ್ತಾನಲ್ಲ, ಹಾಗೆ ಇಡೀ ನೆಟ್‌ವರ್ಕ್‌ಗೆ ಕೇಳಿಸುವಂತೆ ಒಂದು ಕೂಗು ಹಾಕುತ್ತದೆ. ಇದಕ್ಕೆ ಡಿಸ್ಕವರ್ ಎನ್ನುತ್ತಾರೆ. ಕೇಳಿಸಿಕೊಂಡ ರೂಟರ್ "ಬಾ, ನಿನಗೆ 192.168.1.7 ಕೊಡುತ್ತೇನೆ" ಎನ್ನುತ್ತದೆ, ಅದು ಆಫರ್. ಲ್ಯಾಪ್‌ಟಾಪ್ "ಅದನ್ನೇ ಕೊಡಿ" ಎನ್ನುವುದು ರಿಕ್ವೆಸ್ಟ್. ರೂಟರ್ "ಬರೆದುಕೊಂಡೆ, ಇಷ್ಟು ಹೊತ್ತು ಇದು ನಿನ್ನದು" ಎಂದರೆ ಅಕ್ನಾಲೆಜ್. ಈ ನಾಲ್ಕು ಮಾತು ಮುಗಿದರೆ ಐಪಿ, ಗೇಟ್‌ವೇ, ಡಿಎನ್‌ಎಸ್ (ವೆಬ್‌ಸೈಟಿನ ಹೆಸರಿಗೆ ಅದರ ನಂಬರು ಹುಡುಕಿ ಕೊಡುವ ಸರ್ವರ್) ಎಲ್ಲ ಒಟ್ಟಿಗೇ ಸಿಕ್ಕಿಬಿಡುತ್ತದೆ. ಈ ಪದ್ಧತಿಯ ಹೆಸರು ಡಿಎಚ್‌ಸಿಪಿ. ಈಗ ನಾವು ಬಳಸುವ ರೂಪದಲ್ಲಿ ಅದರ ನಿಯಮ ಬಂದಿದ್ದು 1997ರಲ್ಲಿ. ಕ್ಲಾಸಿನಲ್ಲಿ ಇದನ್ನು ಹೇಳಿಕೊಡುವಾಗ ನಾನು ನಾಲ್ಕು ಹುಡುಗರನ್ನು ನಿಲ್ಲಿಸಿ ಕೂಗಿಸುತ್ತಿದ್ದೆ, ಒಬ್ಬರೂ ಮರೆಯುತ್ತಿರಲಿಲ್ಲ.

ಕೂಗಿ ಕೂಗಿ ಯಾರೂ ಉತ್ತರ ಕೊಡದಿದ್ದಾಗ ಲ್ಯಾಪ್‌ಟಾಪ್ ತಾನೇ 169.254 ಸಾಲಿನ ಒಂದು ನಂಬರು ಹಾಕಿಕೊಳ್ಳುತ್ತದೆ. ಅದರಿಂದ ಇಂಟರ್ನೆಟ್‌ಗೆ ಹೋಗಲು ಆಗುವುದಿಲ್ಲ. ಅಂದರೆ ಅದರ ಅರ್ಥ ಇಷ್ಟೇ: ನಾನು ಕರೆದೆ, ಯಾರೂ ಓಗೊಡಲಿಲ್ಲ. ಈಗ ನಾವು ಹುಡುಕಬೇಕಾದ್ದು ಆ ಕೂಗು ಎಲ್ಲಿ ಕಳೆದು ಹೋಗುತ್ತಿದೆ ಎಂದು. ಲ್ಯಾಪ್‌ಟಾಪ್ ಒಳಗೋ, ದಾರಿಯಲ್ಲೋ, ರೂಟರ್‌ನಲ್ಲೋ.

ಎರಡು ವಿಷಯ ನೋಡಿ ಹೇಳು. ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ /ಆಲ್ ಎಂದು ಕೊಟ್ಟರೆ ಈಥರ್ನೆಟ್ ಕೆಳಗೆ 'ಡಿಎಚ್‌ಸಿಪಿ ಎನೇಬಲ್ಡ್' ಎಂಬ ಸಾಲು ಇರುತ್ತದೆ, ಅಲ್ಲಿ ಯೆಸ್ ಇದೆಯಾ, ನೋ ಇದೆಯಾ? ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್, ಈಥರ್ನೆಟ್ ಒಳಗೆ 'ಲಿಂಕ್ ಸ್ಪೀಡ್' ಎಷ್ಟಿದೆ?

ಕರಿಮೆಣಸು
ಜುಲೈ 22, ಬೆಳಿಗ್ಗೆ 10.50

ಅಕ್ಕ, ಸುಲಭ ಉಪಾಯ. ಐಪಿ ಆಟೋಮ್ಯಾಟಿಕ್ ತೆಗೆದು ಕೈಯಲ್ಲೇ ಹಾಕಿ. 192.168.1.50, ಮಾಸ್ಕ್ 255.255.255.0, ಗೇಟ್‌ವೇ 192.168.1.1. ನಾನು ವಿರಾಜಪೇಟೆಯಲ್ಲಿ ಹಾಗೇ ನಡೆಸುತ್ತಿದ್ದೇನೆ. ಆಟೋಮ್ಯಾಟಿಕ್ ಇಟ್ಟರೆ ನನಗೂ ತೊಂದರೆ ಕೊಡುತ್ತಿತ್ತು.

ಪೊನ್ನಂಪೇಟೆ ಮೇಷ್ಟ್ರು
ಜುಲೈ 22, ಬೆಳಿಗ್ಗೆ 11.05

ಪರೀಕ್ಷೆಗೆ ಹಾಕಿ ನೋಡುವುದು ಒಳ್ಳೆಯದೇ, ಆದರೆ ಅದನ್ನೇ ಪರಿಹಾರ ಎಂದುಕೊಳ್ಳುವುದು ಬೇಡ. ನೀನು 50 ಹಾಕಿಕೊಂಡಿದ್ದು ರೂಟರ್‌ಗೆ ಗೊತ್ತಿರುವುದಿಲ್ಲ. ನಾಳೆ ನೆಂಟರ ಮೊಬೈಲ್‌ಗೆ ಅದೇ 50 ಕೊಟ್ಟರೆ ಇಬ್ಬರಿಗೂ ಕೈಕೊಡುತ್ತದೆ. ಹಾಕಲೇಬೇಕು ಎಂದಿದ್ದರೆ ರೂಟರ್ ತಾನಾಗಿ ಹಂಚುವ ಸಾಲಿನಿಂದ ಹೊರಗಿನ ನಂಬರು ಹಾಕಬೇಕು, ಇಲ್ಲವೇ ರೂಟರ್‌ನಲ್ಲೇ ಆ ಲ್ಯಾಪ್‌ಟಾಪ್‌ನ ಹೆಸರಿಗೆ ಒಂದು ವಿಳಾಸ ಕಾಯ್ದಿರಿಸಬೇಕು.

ಆದರೆ ಪರೀಕ್ಷೆಯಾಗಿ ಇದು ಬಹಳ ಉಪಯೋಗ. ಕೈಯಲ್ಲಿ ಐಪಿ ಹಾಕಿ ರೂಟರ್‌ಗೆ ಪಿಂಗ್ ಮಾಡು, ಅಂದರೆ "ಇದ್ದೀಯಾ?" ಎಂದು ಕೇಳಿ ಉತ್ತರ ಬರುತ್ತದಾ ನೋಡು. ಉತ್ತರ ಸರಿಯಾಗಿ ಬಂದರೆ ದಾರಿ ಚೆನ್ನಾಗಿದೆ, ಡಿಎಚ್‌ಸಿಪಿ ಮಾತ್ರ ಕೆಟ್ಟಿದೆ ಎಂದು ಅರ್ಥ. ಪಿಂಗೇ ಹೋಗದಿದ್ದರೆ ಡಿಎಚ್‌ಸಿಪಿಯನ್ನು ಬೈದು ಪ್ರಯೋಜನ ಇಲ್ಲ. ದಾರಿಯೇ ಕೆಟ್ಟಿದೆ.

ವಿರಾಜಪೇಟೆಯವರೇ, ನಿಮ್ಮ ತೊಂದರೆ ಬೇರೆ ಇರಬಹುದು. ಆಟೋಮ್ಯಾಟಿಕ್ ಇಟ್ಟಾಗ ನಿಮಗೆ ಯಾವ ನಂಬರು ಬರುತ್ತಿತ್ತು?

ನಾಪೋಕ್ಲು ತೋಟದಮನೆ
ಜುಲೈ 22, ಮಧ್ಯಾಹ್ನ 1.15

ಕರೆಂಟ್ ಹೋಗಿತ್ತು, ತಡವಾಯಿತು. ಮೇಷ್ಟ್ರೇ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್.

ಡಿಎಚ್‌ಸಿಪಿ ಎನೇಬಲ್ಡ್, ಯೆಸ್ ಇದೆ. ಲಿಂಕ್ ಸ್ಪೀಡ್ 1000/1000 ತೋರಿಸುತ್ತಿದೆ. ಐಪಿಕಾನ್ಫಿಗ್ /ರಿಲೀಸ್, ಆಮೇಲೆ /ರಿನ್ಯೂ ಕೂಡ ಕೊಟ್ಟೆ. ಬಹಳ ಹೊತ್ತು ಸುಮ್ನೆ ನಿಂತು, ಡಿಎಚ್‌ಸಿಪಿ ಸರ್ವರ್ ಸಂಪರ್ಕಕ್ಕೆ ಸಿಗಲಿಲ್ಲ ಎಂಬ ಅರ್ಥದ ಎರರ್ ಬಂತು.

ಕೈಯಲ್ಲಿ 192.168.1.50 ಹಾಕಿ ಪಿಂಗ್ ಮಾಡಿದೆ. 20 ಕಳಿಸಿದ್ದರಲ್ಲಿ 3 ಮಾತ್ರ ವಾಪಸ್ ಬಂದವು. ಉಳಿದದ್ದೆಲ್ಲ ರಿಕ್ವೆಸ್ಟ್ ಟೈಮ್ಡ್ ಔಟ್.

ಸೋಮವಾರಪೇಟೆ ಲಿನಕ್ಸ್
ಜುಲೈ 22, ಮಧ್ಯಾಹ್ನ 1.40

ಸ್ಪೀಡ್ 1000 ಇದೆ ಎಂದರೆ ಕೇಬಲ್ ಪಕ್ಕಾ ಸರಿ ಇದೆ ಅಲ್ವಾ? ಗಿಗಾಬಿಟ್‌ಗೆ ಎಂಟೂ ತಂತಿ ಬೇಕು. 100 ಆಗಿದ್ದರೆ ನಾಲ್ಕೇ ಸಾಕು. ಒಂದು ತಂತಿ ತುಂಡಾಗಿದ್ದರೂ 1000 ಬರುತ್ತಿರಲಿಲ್ಲ. ನನಗೆ ಡ್ರೈವರ್ (ಲ್ಯಾನ್ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಮೇಲೆ ಅನುಮಾನ. ಡಿವೈಸ್ ಮ್ಯಾನೇಜರ್‌ನಲ್ಲಿ ಲ್ಯಾನ್ ಕಾರ್ಡ್ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿ ನೋಡಿ. ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ 'ಪವರ್ ಉಳಿಸಲು ಈ ಡಿವೈಸ್ ಆಫ್ ಮಾಡಬಹುದು' ಎಂಬ ಟಿಕ್ ತೆಗೆಯಿರಿ.

ಕುಶಾಲನಗರ ಕೇಬಲ್
ಜುಲೈ 22, ಮಧ್ಯಾಹ್ನ 2.30

ನಾನು ಸಿಸಿಟಿವಿ, ಲ್ಯಾನ್ ವೈರಿಂಗ್ ಕೆಲಸ ಮಾಡುವವನು. ಅಕ್ಕ, ಒಂದೇ ಪ್ರಶ್ನೆ. ರೂಟರ್‌ನಿಂದ ನಿಮ್ಮ ಲ್ಯಾಪ್‌ಟಾಪ್‌ವರೆಗೆ ಒಂದೇ ವೈರ್ ಇದೆಯಾ? ಮಧ್ಯೆ ಎಲ್ಲಾದರೂ ಸ್ವಿಚ್ ಬಾಕ್ಸ್, ಅಂದರೆ ಒಂದು ಲ್ಯಾನ್ ವೈರನ್ನು ಹಲವು ಪೋರ್ಟಿಗೆ ಹಂಚುವ ಡಬ್ಬ, ಇದೆಯಾ?

ನಾಪೋಕ್ಲು ತೋಟದಮನೆ
ಜುಲೈ 22, ಮಧ್ಯಾಹ್ನ 2.45

ಅಯ್ಯೋ ಹೌದು ಅಣ್ಣ, ಇದೆ. ನನಗೆ ಮರೆತೇ ಹೋಗಿತ್ತು. ಕಾಫಿ ಸ್ಟೋರಿನಲ್ಲಿ ಗೋಡೆಗೆ ಒಂದು ಚಿಕ್ಕ ಐದು ಪೋರ್ಟಿನ ಸ್ವಿಚ್ ಇದೆ. ಮನೆಯಿಂದ ಸ್ಟೋರಿಗೆ ಒಂದು ವೈರ್, ಸುಮಾರು 30 ಮೀಟರ್, ಕಣದ ಮೇಲೆ ಹಾದು ಬರುತ್ತದೆ. ಸ್ಟೋರಿನಿಂದ ನನ್ನ ಕೋಣೆಗೆ ಇನ್ನೊಂದು, 10 ಮೀಟರ್ ಇರಬಹುದು, ಅದು ಪೂರ್ತಿ ಒಳಗೇ. ಗೇಟಿನ ಕ್ಯಾಮೆರಾದ ಡಬ್ಬವೂ ಅದೇ ಸ್ವಿಚ್‌ಗೆ ಸೇರಿದೆ.

ಡ್ರೈವರ್ ತೆಗೆದು ಹಾಕಿದೆ, ಏನೂ ಬದಲಾಗಲಿಲ್ಲ.

ಕುಶಾಲನಗರ ಕೇಬಲ್
ಜುಲೈ 22, ಮಧ್ಯಾಹ್ನ 3.00

ಹಾಗಾದರೆ ನಿಮ್ಮ 1000 ಮತ್ತು ಹಸಿರು ಲೈಟ್ ಎರಡೂ ಸ್ಟೋರಿನವರೆಗಿನ ಮಾತು. ನಿಮ್ಮ ಲ್ಯಾಪ್‌ಟಾಪ್ ಮಾತಾಡುತ್ತಿರುವುದು ಸ್ವಿಚ್ ಜೊತೆ. ಸ್ವಿಚ್‌ನಿಂದ ಆಚೆ ಏನಾಗಿದೆ ಎಂದು ಆ ಲೈಟ್‌ಗೆ ಗೊತ್ತೇ ಇಲ್ಲ. ಸ್ವಿಚ್‌ಗೆ ಕರೆಂಟ್ ಇದ್ದರೆ ಸಾಕು, ರೂಟರ್ ಕಡೆಯ ವೈರ್ ಕಿತ್ತು ಕೈಯಲ್ಲಿ ಹಿಡಿದುಕೊಂಡರೂ ನಿಮ್ಮ ಕೋಣೆಯಲ್ಲಿ ಹಸಿರು ಲೈಟ್ ಉರಿಯುತ್ತದೆ.

ಇನ್ನೊಂದು ಕೇಳುತ್ತೇನೆ. ಗೇಟಿನ ಕ್ಯಾಮೆರಾ ಮೊಬೈಲ್‌ನಲ್ಲಿ ಬರುತ್ತಿದೆಯಾ?

ನಾಪೋಕ್ಲು ತೋಟದಮನೆ
ಜುಲೈ 22, ಮಧ್ಯಾಹ್ನ 3.20

ಅಪ್ಪನನ್ನು ಕೇಳಿದೆ. ಅವರ ಮೊಬೈಲ್‌ನಲ್ಲಿ ನಾಲ್ಕೈದು ದಿನದಿಂದ ಕ್ಯಾಮೆರಾ ಆಫ್‌ಲೈನ್ ಎಂದೇ ಬರುತ್ತಿದೆಯಂತೆ. ಮಳೆಗಾಲ ಅಲ್ವಾ, ನೆಟ್‌ವರ್ಕ್ ಇಲ್ಲ ಅಂದುಕೊಂಡು ಸುಮ್ಮನಿದ್ದರು. ಹಲಸಿನ ಹಣ್ಣಿನ ವಾಸನೆಗೆ ಆನೆ ಬರುವ ಜಾಗ ಅದು, ಬೇರೆ ಸಮಯದಲ್ಲಾದರೆ ಅವರೇ ಮೊದಲು ಗಲಾಟೆ ಮಾಡುತ್ತಿದ್ದರು.

ಪೊನ್ನಂಪೇಟೆ ಮೇಷ್ಟ್ರು
ಜುಲೈ 22, ಮಧ್ಯಾಹ್ನ 3.35

ಕುಶಾಲನಗರದವರು ಸರಿಯಾದ ಜಾಗಕ್ಕೆ ಕೈ ಹಾಕಿದರು. ಸ್ವಿಚ್ ಇದೆಯೇ ಎಂದು ನಾನು ಮೊದಲೇ ಕೇಳಬೇಕಿತ್ತು. ಎರಡು ಬೇರೆ ಬೇರೆ ಉಪಕರಣ ಒಂದೇ ದಿನ ಕೆಟ್ಟಿದ್ದರೆ ಇಬ್ಬರಿಗೂ ಸೇರಿದ ದಾರಿಯಲ್ಲೇ ಏನೋ ಆಗಿದೆ.

ಈಗ ದಾರಿಯನ್ನು ಅರ್ಧ ಮಾಡುತ್ತಾ ಬರೋಣ. ಮೊದಲು ಲ್ಯಾಪ್‌ಟಾಪ್ ಎತ್ತಿಕೊಂಡು ರೂಟರ್ ಹತ್ತಿರ ಹೋಗಿ ಚಿಕ್ಕ ವೈರಿನಲ್ಲಿ ನೇರ ಚುಚ್ಚು. ಕೈಯಲ್ಲಿ ಹಾಕಿದ ಐಪಿ ತೆಗೆದು ಮತ್ತೆ ಆಟೋಮ್ಯಾಟಿಕ್ ಮಾಡಲು ಮರೆಯಬೇಡ. ಅಲ್ಲಿ ಐಪಿ ಸಿಕ್ಕರೆ ಲ್ಯಾಪ್‌ಟಾಪ್, ರೂಟರ್ ಎರಡೂ ಚೆನ್ನಾಗಿವೆ. ಆಮೇಲೆ ಸ್ಟೋರಿಗೆ ಹೋಗಿ, ಮನೆಯಿಂದ ಬರುವ ವೈರನ್ನು ಸ್ವಿಚ್‌ನಿಂದ ಬಿಡಿಸಿ ಅದನ್ನೇ ಲ್ಯಾಪ್‌ಟಾಪ್‌ಗೆ ಹಾಕು.

ನಾಪೋಕ್ಲು ತೋಟದಮನೆ
ಜುಲೈ 22, ಸಂಜೆ 5.10

ರೂಟರ್ ಹತ್ತಿರ ಚುಚ್ಚಿದೆ. ಎರಡೇ ಸೆಕೆಂಡ್! 192.168.1.7 ಬಂತು. ಗೇಟ್‌ವೇ ಬಂತು, ಇಂಟರ್ನೆಟ್ ಬಂತು. ಲ್ಯಾಪ್‌ಟಾಪ್‌ಗೆ ಏನೂ ಆಗಿಲ್ಲ. ನಿಜವಾಗಿ ಕಣ್ಣಲ್ಲಿ ನೀರು ಬಂತು ಮೇಷ್ಟ್ರೇ. ಈ ತಿಂಗಳು ಎಂಟು ಸಾವಿರ ನನಗೆ ದೊಡ್ಡ ಮೊತ್ತ.

ಆಮೇಲೆ ಕೊಡೆ ಹಿಡಿದುಕೊಂಡು, ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸ್ಟೋರಿಗೆ ಹೋದೆ. ಸ್ವಿಚ್‌ನಲ್ಲಿ ಮನೆ ಕಡೆಯ ವೈರಿನ ಲೈಟ್ ಒಂದು ಕ್ಷಣ ಹತ್ತುತ್ತದೆ, ಆರುತ್ತದೆ, ಮತ್ತೆ ಹತ್ತುತ್ತದೆ. ಉಳಿದ ಎರಡು ಲೈಟ್ ಸ್ಥಿರವಾಗಿವೆ. ಆ ವೈರನ್ನೇ ಲ್ಯಾಪ್‌ಟಾಪ್‌ಗೆ ಹಾಕಿದೆ. ಸ್ಪೀಡ್ 100 ತೋರಿಸುತ್ತದೆ, ಸ್ವಲ್ಪ ಹೊತ್ತಿಗೆ ಡಿಸ್ಕನೆಕ್ಟೆಡ್, ಮತ್ತೆ 100. ಐಪಿ ಅದೇ 169.254.

ಅಂದರೆ ಕಣದ ಮೇಲಿನ 30 ಮೀಟರ್ ವೈರ್ ಅಲ್ವಾ?

ಕುಶಾಲನಗರ ಕೇಬಲ್
ಜುಲೈ 22, ಸಂಜೆ 5.30

ಅದೇ ಅಕ್ಕ. ಈಗ ಸ್ಟೋರಿನ ಕಡೆಯ ಪ್ಲಗ್ಗನ್ನು ಮೊಬೈಲ್ ಟಾರ್ಚ್ ಹಾಕಿ ಹತ್ತಿರದಿಂದ ನೋಡಿ. ಒಳಗಿನ ಎಂಟು ಚಿನ್ನದ ಬಣ್ಣದ ಹಲ್ಲು ಇರುತ್ತವಲ್ಲ, ಅವು ಹೇಗಿವೆ? ವೈರಿನ ಬಣ್ಣ ಏನು, ಬೂದುನಾ ಕಪ್ಪಾ? ಮೊನ್ನೆ ಮಧ್ಯಾಹ್ನ ಅರ್ಧ ಗಂಟೆ ಬಂದಾಗ ಮಳೆ ಬಿಟ್ಟಿತ್ತಾ?

ನಾಪೋಕ್ಲು ತೋಟದಮನೆ
ಜುಲೈ 22, ಸಂಜೆ 6.05

ಹೌದು! ಮೊನ್ನೆ ಊಟದ ಹೊತ್ತಿಗೆ ಮಳೆ ನಿಂತು ಸ್ವಲ್ಪ ಬಿಸಿಲು ಬಿದ್ದಿತ್ತು. ನನಗೆ ಎರಡನ್ನೂ ಜೋಡಿಸಿ ನೋಡಬೇಕು ಎಂದು ಹೊಳೆದೇ ಇರಲಿಲ್ಲ.

ವೈರ್ ಬೂದು ಬಣ್ಣ. ಪ್ಲಗ್ ನೋಡಿದೆ. ಎಡಗಡೆಯ ಮೂರು ಹಲ್ಲು ಹಸಿರಾಗಿವೆ, ಹುಳಿ ತಾಗಿದ ಹಿತ್ತಾಳೆ ಪಾತ್ರೆಯ ಥರ ಕಿಲುಬು. ಪ್ಲಗ್ಗಿನ ಪಾರದರ್ಶಕ ಪ್ಲಾಸ್ಟಿಕ್ ಒಳಗೆ ಮಂಜು ಕಟ್ಟಿದ ಹಾಗೆ ತೇವ. ಪ್ಲಗ್ ಕೆಳಗೆ ಮಾಡಿ ಹಿಡಿದುಕೊಂಡಿದ್ದೆ, ಸ್ವಲ್ಪ ಹೊತ್ತಿಗೆ ಹಲ್ಲುಗಳ ಸಂದಿಯಿಂದ ಒಂದು ಹನಿ ನೀರು ನನ್ನ ಅಂಗೈ ಮೇಲೆ ಬಿತ್ತು. ವೈರಿನ ಒಳಗಿಂದ!

ಆದರೆ ಸ್ಟೋರಿನ ಗೋಡೆ ಒಣಗಿದೆ. ಹೆಂಚು ಸೋರುತ್ತಿಲ್ಲ. ನೀರು ಎಲ್ಲಿಂದ?

ಕುಶಾಲನಗರ ಕೇಬಲ್
ಜುಲೈ 22, ರಾತ್ರಿ 8.15

ನಮ್ಮ ಕಡೆ ಮಳೆಗಾಲದಲ್ಲಿ ನಾನು ನೋಡುವ ಕೇಸುಗಳಲ್ಲಿ ಇದೇ ಜಾಸ್ತಿ. ಬೂದು ವೈರ್ ಮನೆಯ ಒಳಗೆ ಎಳೆಯುವುದಕ್ಕೆ ಇರುವುದು. ಬಿಸಿಲಿಗೆ ಅದರ ಮೇಲಿನ ಸಿಪ್ಪೆ ಗಡುಸಾಗಿ ಬಿರಿಯುತ್ತದೆ. ಮಧ್ಯೆ ಮರಕ್ಕೋ ಕಂಬಕ್ಕೋ ಜಿಐ ತಂತಿಯಲ್ಲಿ ಕಟ್ಟಿರುತ್ತಾರೆ. ಗಾಳಿಗೆ ತೂಗಿ ತೂಗಿ ಆ ಜಾಗದಲ್ಲಿ ಸಿಪ್ಪೆ ಸವೆಯುತ್ತದೆ. ಒಂದು ಸಣ್ಣ ಸೀಳು ಸಾಕು. ಒಳಗಿನ ಜೋಡಿ ತಂತಿಗಳ ಸಂದಿ ಇದೆಯಲ್ಲ, ನೀರು ಅದರೊಳಗೆ ಪೈಪಿನ ಹಾಗೆ ಇಳಿದು ಕೆಳಗಿನ ತುದಿಗೆ ಬಂದು ನಿಲ್ಲುತ್ತದೆ. ನಿಮ್ಮ ಸ್ಟೋರು ಮನೆಗಿಂತ ತಗ್ಗಿನಲ್ಲಿದೆ ಅನ್ನಿಸುತ್ತದೆ, ಅದಕ್ಕೇ ಈ ತುದಿಯ ಪ್ಲಗ್ ಕಿಲುಬು ಹಿಡಿದಿರುವುದು.

ನಿಮ್ಮೂರಿನ ಯಾರಾದರೂ ಎಂಟು ಲೈಟಿನ ಟೆಸ್ಟರ್ ಹಾಕಿ "ವೈರ್ ಸರಿ ಇದೆ" ಎಂದರೆ ನಂಬಬೇಡಿ. ಆ ಟೆಸ್ಟರ್ ತಂತಿ ತುಂಡಾಗಿದೆಯಾ ಇಲ್ಲವಾ ಎಂದಷ್ಟೇ ನೋಡುತ್ತದೆ. ಒದ್ದೆ ವೈರಿನಲ್ಲಿ ತಂತಿ ತುಂಡಾಗಿರುವುದಿಲ್ಲ, ಎಂಟೂ ಲೈಟ್ ಚೆಂದಕ್ಕೆ ಬರುತ್ತವೆ. ಆದರೆ ತಂತಿಗಳ ಮಧ್ಯೆ ಗಾಳಿಯ ಬದಲು ನೀರು ಬಂದರೆ ಸಿಗ್ನಲ್ ಹೋಗುವ ರೀತಿಯೇ ಕೆಡುತ್ತದೆ, ಒಂದು ಜೋಡಿಯದ್ದು ಇನ್ನೊಂದಕ್ಕೆ ಸೇರುತ್ತದೆ, ದೂರಕ್ಕೆ ಹೋದಷ್ಟೂ ಕುಗ್ಗುತ್ತದೆ. ಕಳಿಸಿದ್ದರಲ್ಲಿ ಮುಕ್ಕಾಲು ಪಾಲು ಹಾಳಾಗಿ ತಲುಪುತ್ತದೆ, ಹಾಳಾದದ್ದನ್ನು ಆ ಕಡೆಯವರು ಎಸೆದುಬಿಡುತ್ತಾರೆ. ಮೇಷ್ಟ್ರು ಹೇಳಿದ ನಾಲ್ಕು ಮಾತು ಮುಗಿಯುವುದು ಹೇಗೆ?

ನಾಳೆ ಬೆಳಕಲ್ಲಿ ವೈರ್ ಪೂರ್ತಿ ಕಣ್ಣಾಡಿಸಿ. ಕಟ್ಟಿದ ಜಾಗಗಳನ್ನೇ ನೋಡಿ.

ಸುಂಟಿಕೊಪ್ಪ
ಜುಲೈ 22, ರಾತ್ರಿ 9.00

ಹೊಸ ವೈರ್ ಎಳೆಸುವುದಾದರೆ ನನ್ನ ಅನುಭವವೂ ಕೇಳಿಸಿಕೊಳ್ಳಿ. ಎರಡು ಕಟ್ಟಡಗಳ ನಡುವೆ ಹೊರಗಿನಿಂದ ಹೋಗುವ ತಾಮ್ರದ ವೈರ್ ಸಿಡಿಲಿಗೆ ಬಹಳ ಅಪಾಯ. ನಮ್ಮಲ್ಲಿ ಏಪ್ರಿಲ್ ಕೊನೆಯಲ್ಲಿ ಕಾಫಿ ಹೂ ಮಳೆಯ ಜೊತೆ ಬಂದ ಸಿಡಿಲಿಗೆ ರೂಟರ್, ಸ್ವಿಚ್, ಲ್ಯಾಪ್‌ಟಾಪ್ ಪೋರ್ಟ್ ಮೂರೂ ಒಟ್ಟಿಗೆ ಹೋದವು. ಮನೆಗೆ ಸಿಡಿಲು ಬಿದ್ದಿರಲಿಲ್ಲ, ಎಲ್ಲೋ ಪಕ್ಕದ ತೋಟದ ಸಿಲ್ವರ್ ಓಕ್‌ಗೆ ಬಿದ್ದಿದ್ದು. ಪ್ಲಗ್ಗುಗಳನ್ನೆಲ್ಲ ತೆಗೆದಿದ್ದೆವು, ಲ್ಯಾನ್ ವೈರ್ ತೆಗೆಯಬೇಕು ಎಂದು ಗೊತ್ತಿರಲಿಲ್ಲ.

ಹಾಗೆ ನಿಜವಾಗಿ ಸುಟ್ಟ ಪೋರ್ಟ್ ಹೇಗಿರುತ್ತದೆ ಎಂದೂ ಹೇಳುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬರಬಹುದು. ನನ್ನದರಲ್ಲಿ ಯಾವ ವೈರ್ ಹಾಕಿದರೂ, ರೂಟರ್ ಪಕ್ಕದಲ್ಲೇ ಹಾಕಿದರೂ ಲೈಟೇ ಬರುತ್ತಿರಲಿಲ್ಲ. ಆಗಲೂ ನಾನು ಮದರ್‌ಬೋರ್ಡ್ ಬದಲಾಯಿಸಲಿಲ್ಲ. ಯುಎಸ್‌ಬಿಗೆ ಚುಚ್ಚುವ ಲ್ಯಾನ್ ಅಡಾಪ್ಟರ್ ತಂದೆ. ಇವತ್ತಿಗೂ ಅದರಲ್ಲೇ ನಡೆಯುತ್ತಿದೆ.

ಕರಿಮೆಣಸು
ಜುಲೈ 23, ಬೆಳಿಗ್ಗೆ 7.30

ಮೇಷ್ಟ್ರೇ, ನೀವು ಕೇಳಿದ್ದಿರಿ. ನಾನು ಕೈಯಲ್ಲಿ ಹಾಕಿದ್ದ ಐಪಿ ತೆಗೆದು ಆಟೋಮ್ಯಾಟಿಕ್ ಮಾಡಿ ನೋಡಿದೆ. ನನಗೆ 169.254 ಅಲ್ಲ, 192.168.0.105 ಬರುತ್ತದೆ. ಒಮ್ಮೊಮ್ಮೆ 192.168.1.12 ಬರುತ್ತದೆ. 1 ಇದ್ದಾಗ ಇಂಟರ್ನೆಟ್ ಇದೆ, 0 ಇದ್ದಾಗ ಇಲ್ಲ. ಮನೆಯಲ್ಲಿ ಫೈಬರ್ ರೂಟರ್ ಇದೆ. ಮಹಡಿಯ ಮೇಲೆ ಹಳೇ ರೂಟರ್ ಒಂದನ್ನು ವೈಫೈ ದೂರಕ್ಕೆ ಸಿಗಲಿ ಎಂದು ಹಾಕಿದ್ದೇನೆ.

ಪೊನ್ನಂಪೇಟೆ ಮೇಷ್ಟ್ರು
ಜುಲೈ 23, ಬೆಳಿಗ್ಗೆ 8.10

ನಿಮ್ಮ ಮನೆಯಲ್ಲಿ ಓಗೊಡುವವರು ಇಬ್ಬರಾಗಿದ್ದಾರೆ. ಲ್ಯಾಪ್‌ಟಾಪ್ ಕೂಗಿದಾಗ ಫೈಬರ್ ರೂಟರ್ ಕೂಡ ಉತ್ತರ ಕೊಡುತ್ತದೆ, ಮಹಡಿಯ ಹಳೇ ರೂಟರ್ ಕೂಡ ಕೊಡುತ್ತದೆ. ಸಾಮಾನ್ಯವಾಗಿ ಯಾರ ಆಫರ್ ಮೊದಲು ತಲುಪಿತೋ ಅದನ್ನೇ ಲ್ಯಾಪ್‌ಟಾಪ್ ಹಿಡಿದುಕೊಳ್ಳುತ್ತದೆ. ಹಳೆಯದು ಗೆದ್ದಾಗ ಅದು ತನ್ನನ್ನೇ ಗೇಟ್‌ವೇ ಎಂದು ಹೇಳುತ್ತದೆ, ಅದಕ್ಕೆ ಇಂಟರ್ನೆಟ್ ಎಲ್ಲಿದೆ? ಐಪಿಕಾನ್ಫಿಗ್ /ಆಲ್ ಕೊಟ್ಟಾಗ 'ಡಿಎಚ್‌ಸಿಪಿ ಸರ್ವರ್' ಎಂಬ ಸಾಲಿನಲ್ಲಿ ಯಾರು ಕೊಟ್ಟರು ಎಂಬ ವಿಳಾಸ ಇರುತ್ತದೆ, ನೋಡಿ.

ಹಳೇ ರೂಟರ್‌ನ ಸೆಟ್ಟಿಂಗ್ ಒಳಗೆ ಹೋಗಿ ಅದರ ಸ್ವಂತ ವಿಳಾಸವನ್ನು 192.168.1.2 ಮಾಡಿ. ಆ ವಿಳಾಸ ಫೈಬರ್ ರೂಟರ್ ಹಂಚುವ ಸಾಲಿನಲ್ಲಿ ಇರಬಾರದು, ಅದನ್ನು ನೋಡಿಕೊಳ್ಳಿ. ಆಮೇಲೆ ಹಳೆಯದರಲ್ಲಿ ಡಿಎಚ್‌ಸಿಪಿ ಸರ್ವರ್ ಆಫ್ ಮಾಡಿ. ಕೆಳಗಿನಿಂದ ಬರುವ ವೈರ್ ಅದರ ಲ್ಯಾನ್ ಪೋರ್ಟಿನಲ್ಲೇ ಇರಲಿ, ಇಂಟರ್ನೆಟ್ ವೈರಿಗೆಂದು ಬೇರೆಯಾಗಿ ಇರುವ ವ್ಯಾನ್ ಪೋರ್ಟಿಗೆ ಬೇಡ. ಮನೆಗೆ ಯಜಮಾನ ಒಬ್ಬನೇ ಸಾಕು.

ಸೋಮವಾರಪೇಟೆ ಲಿನಕ್ಸ್
ಜುಲೈ 23, ಬೆಳಿಗ್ಗೆ 8.45

ನಿನ್ನೆ ನಾನು ಡ್ರೈವರ್ ಎಂದು ದಾರಿ ತಪ್ಪಿಸಿದೆ, ಕ್ಷಮಿಸಿ ಅಕ್ಕ. ಮಧ್ಯೆ ಸ್ವಿಚ್ ಇರಬಹುದು ಎಂದು ಯೋಚಿಸಲೇ ಇಲ್ಲ.

ಉಬುಂಟು ಬಳಸುವವರು ಯಾರಾದರೂ ಇದ್ದರೆ ಒಂದು ಮಾತು. ನನ್ನ ತಮ್ಮನ ಲ್ಯಾಪ್‌ಟಾಪ್ ಕಾಲೇಜು ಹಾಸ್ಟೆಲಿನಿಂದ ಬಂದಾಗ ಮನೆಯಲ್ಲಿ ವೈರ್ ಹಾಕಿದರೆ 'ಕನೆಕ್ಟೆಡ್' ಎನ್ನುತ್ತಿತ್ತು, ಒಂದು ಪೇಜೂ ತೆರೆಯುತ್ತಿರಲಿಲ್ಲ. ಹಾಸ್ಟೆಲಿನಲ್ಲಿ ಕೈಯಲ್ಲಿ ಹಾಕಿಸಿದ್ದ ಐಪಿ ಆ ವೈರ್ಡ್ ಪ್ರೊಫೈಲ್‌ನಲ್ಲಿ ಹಾಗೇ ಉಳಿದಿತ್ತು. ಸೆಟ್ಟಿಂಗ್ಸ್, ನೆಟ್‌ವರ್ಕ್, ವೈರ್ಡ್ ಪಕ್ಕದ ಹಲ್ಲುಚಕ್ರ ಒತ್ತಿ ಐಪಿವಿ4 ಒಳಗೆ ಮ್ಯಾನುಯಲ್ ಇದ್ದಿದ್ದನ್ನು ಆಟೋಮ್ಯಾಟಿಕ್ ಮಾಡಿದೆ. ಡಿಎನ್‌ಎಸ್ ಜಾಗದಲ್ಲೂ ಹಾಸ್ಟೆಲಿನ ನಂಬರು ಇತ್ತು, ಅದನ್ನೂ ಅಳಿಸಬೇಕಾಯಿತು. ಆಮೇಲೆ ವೈರ್ಡ್ ಸ್ವಿಚ್ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಸರಿ.

ನಾಪೋಕ್ಲು ತೋಟದಮನೆ
ಜುಲೈ 23, ಬೆಳಿಗ್ಗೆ 11.30

ಕ್ಷಮೆ ಯಾಕೆ, ಎಂಟು ತಂತಿಯ ವಿಷಯ ನಿಮ್ಮಿಂದಲೇ ಗೊತ್ತಾಗಿದ್ದು.

ಸಿಕ್ಕಿತು! ಕಣದ ಮೂಲೆಯಲ್ಲಿ ಒಂದು ಸಿಲ್ವರ್ ಓಕ್ ಇದೆ, ಮೆಣಸಿನ ಬಳ್ಳಿ ಹಬ್ಬಿದೆ. ಅದಕ್ಕೆ ವೈರನ್ನು ತಂತಿಯಲ್ಲಿ ಬಿಗಿದು ಕಟ್ಟಿದ್ದರು. ಮರ ದಪ್ಪ ಆದ ಹಾಗೆ ಕಟ್ಟು ಇನ್ನೂ ಬಿಗಿಯಾಗಿದೆ. ಏಣಿ ಹಾಕಿ ತಮ್ಮ ನೋಡಿದ. ಬೂದು ಸಿಪ್ಪೆ ಹೆಬ್ಬೆರಳಿನಷ್ಟು ಉದ್ದ ಸೀಳಿದೆ, ಒಳಗಿನ ಕಿತ್ತಳೆ ಮತ್ತು ಹಸಿರು ಜೋಡಿ ಕಾಣುತ್ತಿದೆ. ಅದರ ಮೇಲೆ ಪಾಚಿ ಬೇರೆ ಬೆಳೆದಿದೆ.

ಪೇಟೆಯಿಂದ ಒಬ್ಬರನ್ನು ಕರೆಸಿ ಸ್ಟೋರಿನ ಕಡೆ ಒಂದು ಅಡಿ ಕತ್ತರಿಸಿ ಹೊಸ ಪ್ಲಗ್ ಹಾಕಿಸಿದರೆ ಈ ತಿಂಗಳಿಗೆ ಸಾಕಾಗುತ್ತದಾ?

ಕುಶಾಲನಗರ ಕೇಬಲ್
ಜುಲೈ 23, ಮಧ್ಯಾಹ್ನ 12.10

ಬೇಡ ಅಕ್ಕ, ದುಡ್ಡು ದಂಡ. ಸೀಳಿದ ಜಾಗದಿಂದ ಸ್ಟೋರಿನವರೆಗೆ ಪೂರ್ತಿ ಒಳಗೆ ನೀರಿದೆ. ಒಂದು ಅಡಿ ಅಲ್ಲ, ಐದು ಅಡಿ ಕತ್ತರಿಸಿದರೂ ಒದ್ದೆಯೇ ಸಿಗುತ್ತದೆ. ಹೊಸ ಪ್ಲಗ್ಗೂ ಬೇಗ ಹಸಿರಾಗುತ್ತದೆ. ವೈರ್ ಬದಲಾಯಿಸಿಬಿಡಿ.

ತರುವಾಗ ಹೊರಗಡೆಗೆಂದೇ ಮಾಡಿದ ಕಪ್ಪು ಸಿಪ್ಪೆಯ ವೈರ್ ಕೇಳಿ. ಒಳಗೆ ಜೆಲ್ ತುಂಬಿದ್ದು ಸಿಕ್ಕರೆ ಇನ್ನೂ ಒಳ್ಳೆಯದು, ಸಿಪ್ಪೆ ಸೀಳಿದರೂ ನೀರು ಒಳಗೆ ಓಡುವುದಿಲ್ಲ. ಇನ್ನೊಂದು ಬಹಳ ಮುಖ್ಯ. ಅಂಗಡಿಯಲ್ಲೇ ಒಂದು ಎಳೆಯ ತುದಿ ಬ್ಲೇಡಿನಲ್ಲಿ ಕೆರೆದು ನೋಡಿ. ಒಳಗೂ ಕೆಂಪಗಿದ್ದರೆ ತಾಮ್ರ. ಮೇಲೆ ಕೆಂಪು, ಒಳಗೆ ಬೆಳ್ಳಗೆ ಇದ್ದರೆ ಅಲ್ಯೂಮಿನಿಯಂ ಮೇಲೆ ತಾಮ್ರ ಸವರಿದ್ದು. ಕಡಿಮೆ ಬೆಲೆಗೆ ಸಿಗುತ್ತದೆ, ನಮ್ಮ ಈ ತೇವಕ್ಕೆ ಬೇಗ ತಿಂದು ಹೋಗುತ್ತದೆ. ಅದನ್ನು ತರಬೇಡಿ.

ಎಳೆಯುವಾಗ ಒಂದು ಜಿಐ ತಂತಿಯನ್ನು ಬಿಗಿಯಾಗಿ ಎಳೆದು, ಲ್ಯಾನ್ ವೈರನ್ನು ಅದಕ್ಕೆ ಸಡಿಲವಾಗಿ ಟ್ಯಾಗ್ ಹಾಕಿ ಜೋತು ಬಿಡಿ. ಭಾರವೆಲ್ಲ ತಂತಿಯದ್ದು, ವೈರಿನದ್ದಲ್ಲ. ಮರಕ್ಕೆ ನೇರ ಕಟ್ಟುವುದು ಬೇಡ. ಸ್ಟೋರಿನ ಗೋಡೆಯೊಳಗೆ ಹೋಗುವ ಮೊದಲು ವೈರನ್ನು ತೂತಿಗಿಂತ ಅರ್ಧ ಅಡಿ ಕೆಳಗೆ ಇಳಿಸಿ ಮತ್ತೆ ಮೇಲಕ್ಕೆ ತನ್ನಿ. ವೈರಿನ ಮೇಲೆ ಹರಿದು ಬಂದ ನೀರು ಆ ತಗ್ಗಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ, ಒಳಗೆ ಬರುವುದಿಲ್ಲ.

ಸುಂಟಿಕೊಪ್ಪದವರು ಹೇಳಿದ್ದು ನೂರಕ್ಕೆ ನೂರು ನಿಜ. ನನ್ನನ್ನು ಕೇಳಿದರೆ ಎರಡು ಕಟ್ಟಡದ ನಡುವೆ ಫೈಬರ್ ಎಳೆದು ಎರಡೂ ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್ ವೈರಿಗೆ ಜೋಡಿಸುವ ಡಬ್ಬ) ಹಾಕುವುದೇ ಸರಿ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಉಕ್ಕಿನ ಎಳೆ ಇಲ್ಲದ ಫೈಬರ್ ಕೇಳಬೇಕು, ಅಷ್ಟೇ. ಈಗ ಆಗದಿದ್ದರೆ ಮುಂದಿನ ಬೇಸಿಗೆಯೊಳಗೆ ಮಾಡಿಸಿ. ಅಲ್ಲಿಯವರೆಗೆ ಗುಡುಗು ಕೇಳುವ ಮೊದಲೇ, ಮೋಡ ಕಟ್ಟುವಾಗಲೇ ಎರಡೂ ಕಡೆ ಲ್ಯಾನ್ ಪ್ಲಗ್ ತೆಗೆದಿಡಿ. ಗುಡುಗು ಶುರುವಾದ ಮೇಲೆ ಮುಟ್ಟಬೇಡಿ.

ಪೊನ್ನಂಪೇಟೆ ಮೇಷ್ಟ್ರು
ಜುಲೈ 23, ಮಧ್ಯಾಹ್ನ 12.40

ಇದಕ್ಕೆ ಒಂದೇ ಒಂದು ಸೇರಿಸುತ್ತೇನೆ. ಹೊಸ ವೈರಿಗೆ ಪ್ಲಗ್ ಹಾಕುವವರು ಎರಡೂ ತುದಿಗೆ ಒಂದೇ ಬಣ್ಣದ ಕ್ರಮ ಇಡಲಿ. ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ, ಬಿಳಿ ನೀಲಿ, ಹಸಿರು, ಬಿಳಿ ಕಂದು, ಕಂದು. ಹಸಿರು ಜೋಡಿಯ ಮಧ್ಯೆ ನೀಲಿ ಜೋಡಿ ಕೂರುತ್ತದೆ, ಅಲ್ಲೇ ತಪ್ಪು ಮಾಡುವುದು. ಜೋಡಿ ಒಡೆದರೆ ಟೆಸ್ಟರ್ ಸರಿ ಎನ್ನುತ್ತದೆ, ಉದ್ದದ ವೈರಿನಲ್ಲಿ ಇದೇ ಥರದ ತೊಂದರೆ ಮತ್ತೆ ಬರುತ್ತದೆ.

ಕರಿಮೆಣಸು
ಜುಲೈ 23, ರಾತ್ರಿ 7.50

ಮೇಷ್ಟ್ರೇ, ಮಹಡಿ ರೂಟರ್‌ನ ಡಿಎಚ್‌ಸಿಪಿ ಆಫ್ ಮಾಡಿದೆ. ಸಂಜೆಯಿಂದ ಆರು ಸಲ ವೈರ್ ತೆಗೆದು ಹಾಕಿದೆ, ಆರು ಸಲವೂ 192.168.1 ಸಾಲಿನದೇ ಬಂತು. ಒಂದು ವರ್ಷದಿಂದ ಕೈಯಲ್ಲಿ ಹಾಕಿಕೊಂಡು ಕೂತಿದ್ದೆ. ಅಮ್ಮನ ಮೊಬೈಲ್‌ಗೆ ಆಗಾಗ ವೈಫೈ ಇದ್ದೂ ಇಂಟರ್ನೆಟ್ ಬರುತ್ತಿರಲಿಲ್ಲ, ಅದಕ್ಕೂ ಇದೇ ಕಾರಣ ಇರಬೇಕು.

ನಾಪೋಕ್ಲು ತೋಟದಮನೆ
ಆಗಸ್ಟ್ 3, ಮಧ್ಯಾಹ್ನ 12.20

ತಡವಾಗಿ ಬರೆಯುತ್ತಿದ್ದೇನೆ. ನಡುವೆ ಒಂದು ವಾರ ಮಳೆ ಬಿಡಲೇ ಇಲ್ಲ, ಏಣಿ ಹಾಕುವ ಹಾಗೇ ಇರಲಿಲ್ಲ. ತಿಂಗಳ ಲೆಕ್ಕವನ್ನು ರೂಟರ್ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಮುಗಿಸಿದೆ.

ಮೊನ್ನೆ ಮಡಿಕೇರಿಯಿಂದ ಕಪ್ಪು ಜೆಲ್ ವೈರ್ 40 ಮೀಟರ್ ತಂದೆವು. ಅಂಗಡಿಯಲ್ಲಿ ಬ್ಲೇಡಿನಲ್ಲಿ ಕೆರೆದು ನೋಡಿದೆ. ಮೊದಲು ತೋರಿಸಿದ್ದು ಒಳಗೆ ಬೆಳ್ಳಗಿತ್ತು, ಬೇಡ ಎಂದೆ. ಎರಡನೆಯದು ಪೂರ್ತಿ ಕೆಂಪು. ನಿನ್ನೆ ತಮ್ಮ ಮತ್ತು ಪೇಟೆಯ ಒಬ್ಬರು ಸೇರಿ ಎಳೆದರು. ಜಿಐ ತಂತಿ ಬಿಗಿದು, ಟ್ಯಾಗ್ ಹಾಕಿ, ನೀವು ಹೇಳಿದ ಹಾಗೆಯೇ. ಜೆಲ್ ಕೈಗೆ ಅಂಟುತ್ತದೆ, ಪ್ಲಗ್ ಹಾಕುವ ಮೊದಲು ಬಟ್ಟೆಯಲ್ಲಿ ಒರೆಸಿ ಒರೆಸಿ ಸಾಕಾಯಿತು.

ಸ್ಟೋರಿನಲ್ಲಿ ಮೊದಲು ಲ್ಯಾಪ್‌ಟಾಪ್‌ಗೆ ನೇರ ಹಾಕಿ ನೋಡಿದೆ. 1000/1000, 192.168.1.7. ರೂಟರ್ ನನ್ನ ಹಳೇ ನಂಬರನ್ನೇ ಕೊಟ್ಟಿತು. ಪಿಂಗ್ 100 ಕಳಿಸಿದೆ, 100 ವಾಪಸ್ ಬಂದವು. ಆಮೇಲೆ ಸ್ವಿಚ್‌ಗೆ ಹಾಕಿ ಕೋಣೆಗೆ ಬಂದೆ, ಅಲ್ಲೂ ಸರಿ. ಅಪ್ಪನ ಮೊಬೈಲ್‌ನಲ್ಲಿ ಗೇಟೂ ಬಂತು.

ಇವತ್ತು ಕಕ್ಕಡ ಹದಿನೆಂಟು, ನಮ್ಮ ಕೊಡಗಿನಲ್ಲಿ ಮದ್ದುಸೊಪ್ಪಿನ ಅಡುಗೆ ಮಾಡುವ ದಿನ. ಅಮ್ಮ ಮದ್ದುಸೊಪ್ಪಿನ ಪಾಯಸ ಮಾಡುತ್ತಿದ್ದಾರೆ, ಆ ವಾಸನೆ ಕಣ ದಾಟಿ ನನ್ನ ಕೋಣೆಯವರೆಗೂ ಬರುತ್ತಿದೆ. ಬೆಳಿಗ್ಗೆಯಿಂದ ಮಳೆ ಜೋರಾಗಿಯೇ ಇದೆ. ಆಗಲೇ ಹೋಗಿ ಸ್ಟೋರಿನ ಗೋಡೆ ನೋಡಿ ಬಂದೆ. ವೈರಿನ ಮೇಲೆ ನೀರು ಸಾಲಾಗಿ ಇಳಿದು ಬಂದು ಆ ಅರ್ಧ ಅಡಿ ತಗ್ಗಿನಲ್ಲಿ ಸೇರಿ ತೊಟ್ಟಿಕ್ಕುತ್ತಿದೆ, ತೂತಿನ ಹತ್ತಿರ ಒಂದು ಹನಿಯೂ ಇಲ್ಲ. ಒಳಗೆ ಪ್ಲಗ್ ಒಣಗಿದೆ, ಸ್ವಿಚ್‌ನ ಮೂರೂ ಲೈಟ್ ಸ್ಥಿರವಾಗಿ ಉರಿಯುತ್ತಿವೆ.